ನಮ್ಮ ಸೀಮೆಯ ಕದಗಳು ಮತ್ತು ಬಡಿಗರು ಬಿಟ್ಟ ಸಂದು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಗೋಡೆಕಪಾಟನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ದಪ್ಪನೆಯ ಕಲ್ಲು-ಮಣ್ಣಿನ ಗೋಡೆಯಲ್ಲಿಯೇ ಗೂಡು ಬಿಟ್ಟು, ಅದಕ್ಕೆ ಎರಡು ಪುಟ್ಟ ಕದಗಳನ್ನು ಹಚ್ಚಿರುತ್ತಿದ್ದರು. ಹೊಲದ ಕಾಗದಪತ್ರ, ಹಬ್ಬದ ಸೀರೆ, ಬೆಳ್ಳಿಯ ಬಟ್ಟಲು, ಬೆಲ್ಲದ ಡಬ್ಬಿ ಎಲ್ಲಕ್ಕೂ ಅದೇ ಆಶ್ರಯ. ಬೇಸಿಗೆಯಲ್ಲಿ ಆ ಕದವನ್ನು ಅಲುಗಿಸಿದರೆ ನಡುವಿನ ಹಲಗೆ ತನ್ನ ಚೌಕಟ್ಟಿನೊಳಗೆ ಸಣ್ಣಗೆ ಗಡಗಡಿಸುತ್ತಿತ್ತು. ಅದನ್ನು ಕೆಲಸದ ದೋಷವೆಂದು ಎಣಿಸಿದವರೇ ಹೆಚ್ಚು. ನಿಜವಾಗಿ ಅದು ದೋಷವಲ್ಲ. ಬಡಿಗನು ಬೇಕೆಂದೇ ಬಿಟ್ಟ ಸಂದು ಅದು. ಆ ಕೂದಲೆಳೆಯ ಸಂದಿನಿಂದಲೇ ಕದವು ಮೂರು ತಲೆಮಾರು ಬಾಳಿತು. ಆ ಸಂದಿನ ಇತಿಹಾಸವನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಎರೆಯ ಹೊಲವನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಬೇಸಿಗೆಯಲ್ಲಿ ಎರೆಯು ಕೈ ಇಳಿಯುವಷ್ಟು ಬಿರಿಯುತ್ತದೆ. ಮಳೆ ಬಿದ್ದೊಡನೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮರದ ಸ್ವಭಾವವೂ ಹಾಗೆಯೇ. ಕಡಿದು, ಕೊಯ್ದು, ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸಿದ ಮೇಲೂ ಅದು ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ವಿಶೇಷವೆಂದರೆ ಈ ಹಿಗ್ಗು-ಕುಗ್ಗು ಎಳೆಯ ಉದ್ದಕ್ಕೆ ನಡೆಯುವುದು ತೀರ ಅತ್ಯಲ್ಪ, ನಡೆಯುವುದೆಲ್ಲ ಅಡ್ಡಗಲದಲ್ಲಿ. ಹಸಿ ಸಾಗವಾನಿ ಪೂರ್ತಿ ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ನೂರಕ್ಕೆ 5.8ರಷ್ಟು, ಉಂಗುರಗಳಿಗೆ ಅಡ್ಡವಾಗಿ 2.5ರಷ್ಟು ಕುಗ್ಗುತ್ತದೆ. ಮರಗಳಲ್ಲೆಲ್ಲ ಸಾಧುವೆನಿಸಿದ ಸಾಗವಾನಿಯ ಲೆಕ್ಕವಿದು. 300 ಮಿಲಿಮೀಟರ್ ಅಗಲದ, ಉಂಗುರಗಳ ಗುಂಟ ಕೊಯ್ದ ಸಾಗವಾನಿ ಹಲಗೆಯ ತೇವಾಂಶ ನೂರಕ್ಕೆ 7ರಿಂದ 12ಕ್ಕೆ ಏರಿದರೆ ಅದರ ಅಗಲ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಮೂರು ಮಿಲಿಮೀಟರ್ ಎಂದರೆ ಏನು ಮಹಾ ಎಂದು ಕೇಳಬೇಡಿ. ಅದಕ್ಕೆ ಜಾಗ ಸಿಗದಿದ್ದರೆ ಚೌಕಟ್ಟಿನ ಕೂಡುಗಳು ಬಾಯಿ ಬಿಡುತ್ತವೆ. ಹಲಗೆಯನ್ನು ಅಂಚಿಗೆ ಅಂಟಿಸಿದ್ದರೆ ಬೇಸಿಗೆಯಲ್ಲಿ ಅದು ನಡುವೆಯೇ ಸೀಳುತ್ತದೆ. ಹಳೆಯ ರೈಲುಹಳಿಗಳ ನಡುವೆ ಒಂದಿಷ್ಟು ಸಂದು ಬಿಡುತ್ತಿದ್ದುದನ್ನು ವಿಜ್ಞಾನದ ತರಗತಿಯಲ್ಲಿ ಓದಿದ್ದು ನೆನಪಿದೆಯಲ್ಲವೇ? ಅಲ್ಲಿ ಕಾರಣ ಬಿಸಿಲು, ಇಲ್ಲಿ ತೇವ. ಪರಿಹಾರ ಮಾತ್ರ ಒಂದೇ.

ಈ ಪರಿಹಾರವನ್ನು ಮನುಷ್ಯನು ಕಂಡುಕೊಂಡದ್ದು ಬಹಳ ಹಿಂದೆ. ಅಗಲವಾದ ಹಲಗೆಗಳನ್ನು ಜೋಡಿಸಿ, ಹಿಂದೆ ಅಡ್ಡಪಟ್ಟಿ ಇಟ್ಟು ಮೊಳೆ ಹೊಡೆಯುವುದು ಮೊದಲ ದಾರಿ. ವಾಡೆಗಳ ಹೆಬ್ಬಾಗಿಲುಗಳು ಹೆಚ್ಚಾಗಿ ಈ ಬಗೆಯವು. ದಪ್ಪ, ಭಾರ, ಕಬ್ಬಿಣದ ಗುಬ್ಬಿಗಳ ಅಲಂಕಾರ. ಹಲಗೆಗಳ ನಡುವೆ ಬೆಳಕು ಕಂಡರೂ ಯಾರೂ ಚಿಂತಿಸುತ್ತಿರಲಿಲ್ಲ. ಎರಡನೆಯ ದಾರಿ ಹೆಚ್ಚು ಜಾಣತನದ್ದು. ಕಿರಿದಾದ ನಾಲ್ಕು ಪಟ್ಟಿಗಳಿಂದ ಚೌಕಟ್ಟು ಮಾಡಿ, ಅದರ ಒಳಅಂಚಿನಲ್ಲಿ ತೋಡು ಕೊರೆದು, ಆ ತೋಡಿನೊಳಗೆ ಹಲಗೆಯನ್ನು ಅಂಟಾಗಲಿ ಮೊಳೆಯಾಗಲಿ ಇಲ್ಲದೆ ಸುಮ್ಮನೆ ಕೂರಿಸುವುದು. ಉದ್ದಕ್ಕೆ ಬದಲಾಗದ ಪಟ್ಟಿಗಳು ಕದದ ಅಳತೆಯನ್ನು ಕಾಯುತ್ತವೆ. ಅಗಲಕ್ಕೆ ಬದಲಾಗುವ ಹಲಗೆ ತೋಡಿನೊಳಗೆ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತದೆ. ದಪ್ಪ ಹಲಗೆಯ ಅಂಚು ಕಿರಿದಾದ ತೋಡಿನಲ್ಲಿ ಇಳಿಯಬೇಕಾದರೆ ಅಂಚನ್ನು ಇಳಿಜಾರಾಗಿ ಹೆರೆಯಬೇಕು. ಹಾಗೆ ಹೆರೆದಾಗ ನಡುಭಾಗ ಉಬ್ಬಿ ಕಾಣುತ್ತದೆ. ಇಂದು ಅಂದಕ್ಕಾಗಿ ಮೆಚ್ಚುವ ಉಬ್ಬುಹಲಗೆಯ ಕದ ಹುಟ್ಟಿದ್ದು ಹೀಗೆ, ಅಗತ್ಯದಿಂದ.

ಪ್ರಾಚೀನ ಈಜಿಪ್ಟಿನ ಕುಶಲಕರ್ಮಿಗಳಿಗೆ ಈ ವಿಧಾನ ತಿಳಿದಿತ್ತು. ಮುಂದೆ ಕೈರೋ ನಗರದ ಬಡಿಗರು ಮಸೀದಿಗಳ ಕದಗಳನ್ನು ನೂರಾರು ಸಣ್ಣ ಸಣ್ಣ ತುಂಡುಗಳಿಂದ ಜೋಡಿಸಿದರು. ನಕ್ಷತ್ರಾಕಾರದ ಆ ವಿನ್ಯಾಸ ಕಣ್ಣಿಗೆ ಹಬ್ಬವೇನೋ ಹೌದು, ಆದರೆ ಅದರ ಹಿಂದೆ ಲೆಕ್ಕಾಚಾರವಿತ್ತು. ಬಿಸಿಲ ನಾಡಿನಲ್ಲಿ ದೊಡ್ಡ ಹಲಗೆ ಸೀಳುತ್ತದೆ. ಸಣ್ಣ ತುಂಡು ತನ್ನ ತೋಡಿನಲ್ಲಿ ಕ್ಷೇಮವಾಗಿರುತ್ತದೆ. ಉತ್ತರ ಯುರೋಪಿನಲ್ಲಿ ಚೌಕಟ್ಟು-ಹಲಗೆಯ ಕೆಲಸ ಹದಿನೈದನೆಯ ಶತಮಾನದಲ್ಲಿ ವ್ಯಾಪಕವಾಯಿತು. ಲಂಡನ್ನಿನಲ್ಲಿ ಮೊಳೆ ಹೊಡೆಯುವ ಬಡಿಗರಿಗೂ ಕೂಡು ಕೂಡಿಸುವ ಬಡಿಗರಿಗೂ ಯಾವ ಕೆಲಸ ಯಾರದೆಂಬ ವ್ಯಾಜ್ಯ ಹುಟ್ಟಿ, 1632ರಲ್ಲಿ ನಗರದ ಆಡಳಿತ ಮಂಡಲಿಯೇ ಪಂಚಾಯಿತಿ ಮಾಡಿ ತೀರ್ಪು ಕೊಡಬೇಕಾಯಿತು.

ಇತ್ತ ನಮ್ಮ ಸೀಮೆಗೆ ಬರೋಣ. ಇದು ಕಲ್ಲಿನ ನಾಡು, ಮರದ ನಾಡಲ್ಲ. ಹೊಲದ ಬದುವಿನ ಬೇವು, ಜಾಲಿ, ಹುಣಸೆಗಳೇ ನಮ್ಮ ಅರಣ್ಯ. ಜಾಲಿಯು ಬಂಡಿಗೆ, ಕೂರಿಗೆಗೆ, ಕುಂಟೆಗೆ ಹೋದರೆ, ಬೇವು ತೊಲೆ ಜಂತಿಗಳಿಗೆ ಹೋಗುತ್ತಿತ್ತು. ಬಿಜಾಪುರದ ಮೆಹತರ ಮಹಲಿನಲ್ಲಿ ಮರದಲ್ಲಿ ಕಡೆಯಬೇಕಾದ ಕುಸುರಿಯನ್ನು ಕಲ್ಲಿನಲ್ಲಿ ಕಡೆದಿರುವುದನ್ನು ನೀವು ಕಂಡಿರಬೇಕು. ಅಲ್ಲಿಯೇ ಅಸರ ಮಹಲಿನಲ್ಲಿ ಎತ್ತರದ ಮರದ ಕಂಬಗಳು ನಿಂತಿವೆ. ದೊಡ್ಡ ಮರ ಬೇಕಾದರೆ ದೂರದಿಂದಲೇ ತರಿಸಬೇಕಿತ್ತು. ಮರವು ದುಬಾರಿಯಾದ ನಾಡಿನಲ್ಲಿ ಕಿರಿದಾದ ಪಟ್ಟಿ ಮತ್ತು ತೆಳುವಾದ ಹಲಗೆಯಿಂದಾಗುವ ಕದ ಎಷ್ಟು ಉಪಯುಕ್ತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

1876ರಿಂದ 1878ರವರೆಗಿನ ಭೀಕರ ಬರಗಾಲದ ನಂತರ ಬರಪರಿಹಾರದ ದೃಷ್ಟಿಯಿಂದ ಹಾಕಿದ ಹೋಟಗಿ-ಗದಗ ರೈಲುಮಾರ್ಗ 1884ರಲ್ಲಿ ತೆರೆಯಿತು. ಮರುವರ್ಷ, 1885ರಲ್ಲಿ, ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಆದಿಲಶಾಹಿ ಕಾಲದ ಹಲವು ಕಟ್ಟಡಗಳು ಸರಕಾರಿ ಕಚೇರಿಗಳಾದವು. ಕಚೇರಿ, ಶಾಲೆ, ರೈಲುನಿಲ್ದಾಣ, ಪ್ರವಾಸಿ ಬಂಗಲೆಗಳಿಗೆ ನಾಲ್ಕು ಅಥವಾ ಆರು ಹಲಗೆಗಳ ಕದಗಳು ಬಂದವು. ರೈಲಿನಿಂದಾಗಿ ಕಾರವಾರ ಜಿಲ್ಲೆಯ ಸಾಗವಾನಿ ನಮ್ಮ ಬಯಲಿಗೆ ಇಳಿಯುವುದೂ ಸುಲಭವಾಯಿತು. ಊರ ಬಡಿಗೇರರು ಆ ಕದಗಳನ್ನು ಕಣ್ಣಳತೆಯಲ್ಲಿ ತುಂಬಿಕೊಂಡು, ಅನುಕೂಲಸ್ಥರ ಮನೆಗಳಲ್ಲಿ ತಮ್ಮದೇ ಕುಸುರಿಯನ್ನು ಸೇರಿಸಿ ಮಾಡಿದರು.

ಈ ಬಡಿಗೇರರ ವಿಷಯವಾಗಿ ಒಂದು ಮಾತು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಜೋಳ ಒಯ್ಯುತ್ತಿದ್ದ ಆಯಗಾರರಲ್ಲಿ ಅವರೂ ಒಬ್ಬರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದವರಾದ ನಮಗೆ ಬಾಚಿಕಾಯಕದ ಬಸವಣ್ಣನೆಂಬ ಬಡಿಗ ಶರಣನ ಹೆಸರು ಹೊಸದಲ್ಲ; ಹನ್ನೆರಡನೆಯ ಶತಮಾನದಲ್ಲಿ ಬಾಚಿ ಹಿಡಿದ ಕೈಯೇ ವಚನವನ್ನೂ ಬರೆಯಿತು. ಆದರೆ ಬಡಿಗರ ಲೆಕ್ಕಗಳು ಮಾತ್ರ ಗ್ರಂಥಕ್ಕೆ ಏರಲಿಲ್ಲ. ಯಾವ ಋತುವಿನಲ್ಲಿ ಎಷ್ಟು ಸಂದು ಬಿಡಬೇಕೆಂಬುದು ತಂದೆಯ ಕೈಯಿಂದ ಮಗನ ಕೈಗೆ ಇಳಿಯುತ್ತಿತ್ತು, ಅಷ್ಟೇ. ಕೈ ತಪ್ಪಿದ ದಿನ ಆ ವಿದ್ಯೆಯೂ ತಪ್ಪುತ್ತದೆ.

ಅದು ತಪ್ಪಿದ್ದನ್ನು ನಾವು ಕೃಷ್ಣೆಯ ದಡದಲ್ಲಿ ಕಂಡಿದ್ದೇವೆ. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನಾರಾಯಣಪುರದ ಆಣೆಕಟ್ಟು 1982ರಲ್ಲಿ, ಆಲಮಟ್ಟಿಯದು 2005ರಲ್ಲಿ ಮುಗಿದವು. ಹಳೆಯ ಕೊಲ್ಹಾರದಂತಹ ಊರುಗಳು ನೀರಿನ ಪಾಲಾದವು. ಊರು ಬಿಡುವವರು ಗೋಡೆಯ ಮಣ್ಣನ್ನು ಒಯ್ಯಲಾರರು. ಒಯ್ಯಬಹುದಾದದ್ದು ತೊಲೆ, ಕಂಬ, ಬಾಗಿಲವಾಡ ಮತ್ತು ಕದ. ಟ್ರ್ಯಾಕ್ಟರುಗಳ ಮೇಲೆ ಅಂಗಾತ ಮಲಗಿಸಿದ ಕದಗಳು ಪುನರ್ವಸತಿ ಕೇಂದ್ರಗಳಿಗೆ ಸಾಗಿದುದನ್ನು ಕಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ಹೊಸ ಮನೆಯ ಬಾಗಿಲ ಅಳತೆ ಬೇರೆ. ಕದಗಳನ್ನು ಕೊಯ್ದು ಕಿರಿದು ಮಾಡಿದರು. ಗಡಗಡಿಸುವ ಹಲಗೆಯನ್ನು ಕಂಡು ಕರುಣೆಯಿಂದಲೇ ಮೊಳೆ ಹೊಡೆದರು, ಸಂದಿಗೆ ಲಪ್ಪ ತುಂಬಿದರು, ಮೇಲೆ ದಪ್ಪನೆಯ ಎಣ್ಣೆಬಣ್ಣ ಬಳಿದರು. ಐವತ್ತು ಅರವತ್ತು ವರ್ಷ ಬಿರಿಯದ ಹಲಗೆಗಳು ಒಂದೆರಡು ಬೇಸಿಗೆಗಳಲ್ಲಿ ನಡುವೆ ಸೀಳಿದವು. ಆಗ ಎಲ್ಲರೂ ಹೇಳಿದ್ದು ಒಂದೇ: ಹಳೆಯ ಮರ, ಸತ್ವ ಹೋಗಿದೆ. ಮರದ ಸತ್ವ ಹೋಗಿರಲಿಲ್ಲ. ಅದರ ಜಾಗ ಹೋಗಿತ್ತು.

ಈಗ ಇಂದಿನ ಮಾತು. ನಿಮ್ಮಲ್ಲಿ ಹಲವರು ಪುಣೆ, ಬೆಂಗಳೂರು, ಸಾಗರದಾಚೆಯ ದೇಶಗಳಲ್ಲಿ ಮನೆ ಮಾಡಿಕೊಂಡು ಅಡುಗೆಮನೆಗೆ ಉಬ್ಬುಹಲಗೆಯ ಕಪಾಟುಗಳನ್ನು ಮಾಡಿಸುತ್ತಿದ್ದೀರಿ. ಹಳೆಯ ಸಂದಿಗೆ ಈಗ ಸ್ಪೇಸರ್ ಎಂಬ ಹೊಸ ಜೊತೆಗಾರ ಬಂದಿದ್ದಾನೆ. ಸುಮಾರು 6.5 ಮಿಲಿಮೀಟರ್ ವ್ಯಾಸದ ರಬ್ಬರ್ ಗುಂಡುಗಳು ಅಥವಾ ಮೆತ್ತನೆಯ ಫೋಮ್ ಪಟ್ಟಿಯ ತುಂಡುಗಳು ಇವು. ತೋಡಿನೊಳಗೆ ಇಟ್ಟರೆ ಹಲಗೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿ ನಡುವೆ ನಿಲ್ಲಿಸುತ್ತವೆ. ಗಡಗಡ ಸದ್ದೂ ಇಲ್ಲ, ಸೀಳುವ ಭಯವೂ ಇಲ್ಲ. ಆರಿಸುವಾಗ ನೆನಪಿಡಬೇಕಾದ ನಿಯಮ ಸರಳ. ಸಂದು ಅತಿ ಅಗಲವಾದಾಗಲೂ ಸ್ಪೇಸರ್ ಹಲಗೆಯನ್ನು ಮುಟ್ಟಿರಬೇಕು. ಅತಿ ಕಿರಿದಾದಾಗಲೂ ಅದಕ್ಕೆ ಇನ್ನೂ ಕುಗ್ಗುವ ಶಕ್ತಿ ಉಳಿದಿರಬೇಕು. ತೋಡು 10 ಮಿಲಿಮೀಟರ್ ಆಳವಿದ್ದು, 300 ಮಿಲಿಮೀಟರ್ ಆಸುಪಾಸಿನ ಸಾಗವಾನಿ ಹಲಗೆಯಾದರೆ, ಕಡುಬೇಸಿಗೆಯಲ್ಲಿ ಕೂಡಿಸುವಾಗ ಪ್ರತಿ ಬದಿಗೆ 5 ಮಿಲಿಮೀಟರ್ ಸಂದು ಬಿಡಬಹುದು. ಮಳೆಗಾಲದಲ್ಲಿ ಕೂಡಿಸುವುದಾದರೆ ಹಲಗೆ ಆಗಲೇ ಉಬ್ಬಿರುವುದರಿಂದ ಮೂರೂವರೆ ಸಾಕು. ಬಿರುಸಾದ ರಬ್ಬರ್ ಬೇಡ. ಅದು ಒತ್ತಡವನ್ನು ಚೌಕಟ್ಟಿಗೆ ದಾಟಿಸಿಬಿಡುತ್ತದೆ. ಎಳೆ ಉದ್ದುದ್ದ ನಿಂತಿರುವ ಹಲಗೆಗೆ ಮೇಲೆ ಕೆಳಗೆ ಸ್ಪೇಸರಿನ ಅಗತ್ಯವಿಲ್ಲ. ಎಡ ಬಲಗಳಲ್ಲಿ ಎರಡೆರಡು, ಉದ್ದದ ಕದಕ್ಕೆ ಮೂರು ಮೂರು ಸಾಕು. ಹಲಗೆಗೆ ಬಣ್ಣ ಅಥವಾ ಮೆರುಗನ್ನು ಕೂಡಿಸುವ ಮೊದಲೇ ಹಚ್ಚಬೇಕು. ಇಲ್ಲವಾದರೆ ಬೇಸಿಗೆಯಲ್ಲಿ ಕುಗ್ಗಿದಾಗ ಅಂಚಿನಲ್ಲಿ ಬಣ್ಣವಿಲ್ಲದ ಗೆರೆ ಇಣುಕುತ್ತದೆ. ಶೀತದೇಶಗಳಲ್ಲಿರುವವರು ಗಮನಿಸಿ: ಚಳಿಗಾಲದಲ್ಲಿ ಮನೆಯನ್ನು ಬಿಸಿ ಮಾಡಿದಾಗ ಒಳಗಿನ ಗಾಳಿ ನಮ್ಮ ಏಪ್ರಿಲಿನಂತೆಯೇ ಒಣಗುತ್ತದೆ. ಮರದ ನಾರಿನ ಪುಡಿಯಿಂದ ಒತ್ತಿ ಮಾಡಿದ ಹಲಗೆಗಳಿಗೆ ಮಾತ್ರ ಈ ಚಿಂತೆ ಬಹಳ ಕಡಿಮೆ.

ಊರಿನ ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರಿಗೂ ಒಂದು ವಿನಂತಿ. ಹಲಗೆ ಅಲುಗುತ್ತದೆಯೆಂದು ಮೊಳೆ ಹೊಡೆಸಬೇಡಿ. ಸದ್ದು ಬೇಡವಾದರೆ ಮೇಲಿನ ಮತ್ತು ಕೆಳಗಿನ ಪಟ್ಟಿಗಳ ನಟ್ಟನಡುವೆ ಒಂದೊಂದು ಸಣ್ಣ ಬಿದಿರುಗುಣಿಯನ್ನು ಬಡಿಸಿ. ಆಗ ಹಲಗೆ ಎರಡೂ ಕಡೆ ಸಮನಾಗಿ ಆಡುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಇಂಡಿ, ಸಿಂದಗಿ ಕಡೆಯ ದಂಡೆಯ ಮನೆಗಳಿಗೆ ನೀರು ಬಂದುದು ನೆನಪಿದೆ. ನೆನೆದ ಕದವನ್ನು ಬಿಸಿಲಿಗೆ ಇಡದೆ ನೆರಳಿನಲ್ಲಿ ವಾರಗಟ್ಟಲೆ ಆರಲು ಬಿಡಬೇಕು. ತೋಡಿನಲ್ಲಿ ಜಾಗವಿರುವ ಹಲಗೆ ಉಬ್ಬಿ ಮತ್ತೆ ತನ್ನ ಅಳತೆಗೆ ಮರಳುತ್ತದೆ.

ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಕಾರ್ಯರೂಪಕ್ಕೆ ಬಂದರೆ ಇನ್ನಷ್ಟು ಊರುಗಳ ಕದಗಳು ಟ್ರ್ಯಾಕ್ಟರ್ ಏರಬೇಕಾಗುತ್ತದೆ. ಅವುಗಳಲ್ಲಿ ನಿಮ್ಮ ಅಜ್ಜನ ಮನೆಯ ಕದವೂ ಇರಬಹುದು. ಹಳೆಯ ಮರದ ವ್ಯಾಪಾರಿಗೆ ತೂಕದ ಲೆಕ್ಕದಲ್ಲಿ ಮಾರುವ ಮುನ್ನ ಅದರ ಹಲಗೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿ ನೋಡಿ. ಅದು ಇನ್ನೂ ಅಲುಗುತ್ತಿದ್ದರೆ ಆ ಕದ ಚೆನ್ನಾಗಿದೆಯೆಂದೇ ಅರ್ಥ. ಉಳಿಸಿಕೊಳ್ಳಿ. ಹಾಗೆಯೇ ನಿಮ್ಮ ಮನೆಯ ಗೋಡೆಕಪಾಟಿನ ಚಿತ್ರವಿದ್ದರೆ, ಅದನ್ನು ಮಾಡಿದ ಬಡಿಗೇರರ ಊರಿನ ನೆನಪಿದ್ದರೆ, ಬರೆದು ತಿಳಿಸಿ. ಮತ್ತೊಮ್ಮೆ ಭೇಟಿಯಾಗೋಣ.