ಸ್ಲೇನ್ ಗ್ರಾಮದ ಕವಿಸೈನಿಕ

ಐರ್ಲೆಂಡ್ ದೇಶದ ಮೀಥ್ ಪ್ರಾಂತ್ಯದಲ್ಲಿ ಬಾಯ್ನ್ ನದಿಯ ತೀರಕ್ಕೆ ಹೊಂದಿಕೊಂಡು ಸ್ಲೇನ್ ಎಂಬ ಗ್ರಾಮವುಂಟು. ಅಲ್ಲಿಯ ಗುಡ್ಡದ ಮೇಲೆ ಸಂತ ಪ್ಯಾಟ್ರಿಕನು ಪ್ರಥಮತಃ ಪವಿತ್ರಾಗ್ನಿಯನ್ನು ಹೊತ್ತಿಸಿದನೆಂದು ಆ ದೇಶದವರ ಐತಿಹ್ಯ. ಈ ಗ್ರಾಮದ ಕೂಲಿಗಾರನೊಬ್ಬನ ಮನೆಯಲ್ಲಿ 1887ನೆಯ ಇಸವಿ ಆಗಸ್ಟ್ 19ನೆಯ ದಿನ ಫ್ರಾನ್ಸಿಸ್ ಲೆಡ್ವಿಜ್ ಜನಿಸಿದನು. ಒಂಬತ್ತು ಮಂದಿ ಮಕ್ಕಳಲ್ಲಿ ಅವನು ಎಂಟನೆಯವನು. ಅವನಿಗೆ ಸುಮಾರು ಐದು ವರ್ಷ ತುಂಬುವ ಹೊತ್ತಿಗೆ ತಂದೆಯಾದ ಪ್ಯಾಟ್ರಿಕನು ಕಾಲವಾದನು. ಕಡೆಯ ಮಗ ಜೋಸೆಫನು ಆಗ್ಗೆ ಇನ್ನೂ ಹಾಲುಗೂಸು.

ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿ ಭಾರವನ್ನು ಇಳಿಸಿಕೊಳ್ಳುವುದು ಅಂಥ ಬಡವರಲ್ಲಿ ಅಪೂರ್ವವೇನೂ ಆಗಿರಲಿಲ್ಲ. ತಾಯಿಯಾದ ಆನ್ ಹಾಗೆ ಮಾಡಲಿಲ್ಲ. ಪರರ ಹೊಲಗಳಲ್ಲಿ ಕೂಲಿಮಾಡಿ, ಮನೆಗೆ ಬಂದು ಬಟ್ಟೆ ಒಗೆದು, ಹೊಲಿದು, ಮಕ್ಕಳನ್ನು ಸಾಕಿದಳು. ವಿದ್ಯಾವಂತನಾಗಿ ಸಂಪಾದನೆಗೆ ನಿಂತ ಹಿರಿಯ ಮಗನು ತನ್ನ ಭಾರವನ್ನು ಹೊರುವನೆಂದು ಅವಳು ನಂಬಿದ್ದಳು; ಅವನಿಗೂ ಕ್ಷಯರೋಗ ತಗಲಿತು. ಮಗನು ಮನೆಗೆ ಬಂದು ಹಾಸಿಗೆ ಹಿಡಿದನು. ತಾಯಿ ಪುನಃ ಹೊಲಕ್ಕೆ ಹೋದಳು. ಕವಿಯ ಚರಿತ್ರೆಯನ್ನು ಬರೆಯುವವರು ಅವನಿಗೆ ಪುಸ್ತಕಗಳನ್ನು ಕೊಟ್ಟ ಪ್ರಭುವನ್ನು ವಿಸ್ತಾರವಾಗಿ ಹೊಗಳುತ್ತಾರೆ. ಅವನಿಗೆ ಅನ್ನವನ್ನು ಕೊಟ್ಟ ಈ ಸ್ತ್ರೀಗೆ ಎರಡು ಪಂಕ್ತಿಗಳು ಸಾಕೆಂದು ಭಾವಿಸುವುದು ನ್ಯಾಯವೆಂದು ತೋರುವುದಿಲ್ಲ.

ಹದಿಮೂರನೆಯ ವಯಸ್ಸಿಗೆ ಫ್ರಾನ್ಸಿಸನ ಪಾಠಶಾಲೆಯ ಓದು ಮುಗಿಯಿತು. ಹೊಲದ ಆಳಾಗಿ ದುಡಿದನು. ಡಬ್ಲಿನ್ ನಗರದ ಬಳಿಯ ಒಂದು ದಿನಸಿ ಅಂಗಡಿಗೆ ಕೆಲಸ ಕಲಿಯಲೆಂದು ಅವನನ್ನು ಕಳುಹಿಸಿದರು. ಒಂದು ರಾತ್ರಿ ಹುಟ್ಟೂರಿನ ನೆನಪು ತಡೆಯಲಾರದಷ್ಟಾಗಿ, ಆ ಹುಡುಗನು ಹಾಸಿಗೆಯಿಂದೆದ್ದು ಸುಮಾರು 30 ಮೈಲಿ ದಾರಿಯನ್ನು ಕಾಲುನಡಿಗೆಯಿಂದಲೇ ಕ್ರಮಿಸಿ ತಾಯಿಯ ಮನೆಯನ್ನು ಸೇರಿದನು. ಮತ್ತೆ ಆ ಅಂಗಡಿಗೆ ಹೋಗಲಿಲ್ಲ. ತರುವಾಯ ರಸ್ತೆಯ ದುರಸ್ತಿ, ತಾಮ್ರದ ಗಣಿಯ ಕೆಲಸ. ಗಣಿಯಲ್ಲಿ ಕಾರ್ಮಿಕರ ದುಃಸ್ಥಿತಿಯನ್ನು ಸಹಿಸದೆ ಮುಷ್ಕರಕ್ಕೆ ಮುಂದಾಳಾದ ಕಾರಣ ಅವನನ್ನು ಹೊರಗಟ್ಟಿದರು. ಕೊನೆಗೆ ರಸ್ತೆಗೆಲಸದ ಮೇಸ್ತ್ರಿಯಾದನು. ಹಗಲು ಜಲ್ಲಿ ಹರಡಿಸುವುದು, ರಾತ್ರಿ ಪದ್ಯರಚನೆ. ದ್ರಾಹೆಡ ಪಟ್ಟಣದ ಪತ್ರಿಕೆಯಲ್ಲಿ ಅವು ಅಚ್ಚಾಗುತ್ತಿದ್ದುವು.

1912ರಲ್ಲಿ ಅವನು ತನ್ನ ಪದ್ಯಗಳ ಬರವಣಿಗೆಯ ಪುಸ್ತಕವನ್ನು ಲಾರ್ಡ್ ಡನ್‌ಸೇನಿ ಎಂಬ ಸಾಹಿತಿಯಾದ ಪ್ರಭುವಿಗೆ ಕಳುಹಿಸಿದನು. ಆತನು ಅದರಲ್ಲಿಯ ಸತ್ತ್ವವನ್ನು ಒಡನೆಯೇ ಗುರುತಿಸಿ, ತನ್ನ ಕೋಟೆಮನೆಯ ಗ್ರಂಥಭಂಡಾರವನ್ನು ಅವನಿಗೆ ತೆರೆದುಕೊಟ್ಟನು. ಇದೇ ಕಾಲದಲ್ಲಿ ಲೆಡ್ವಿಜನು ಗ್ರಾಮದ ಭೂವಂತ ಮನೆತನದ ಕನ್ಯೆಯೊಬ್ಬಳನ್ನು ಪ್ರೀತಿಸಿದನು. ಆದರೆ ಅವಳು ಬೇರೊಬ್ಬನನ್ನು ವರಿಸಿ, 1915ರಲ್ಲಿ ಪ್ರಸವಕಾಲದಲ್ಲಿ ಮೃತಳಾದಳು. ಅವಳ ನೆನಪು ಅವನ ಪದ್ಯಗಳನ್ನು ಕಡೆಯವರೆಗೂ ಬಿಡಲಿಲ್ಲ.

1914ರಲ್ಲಿ ಐರಿಷ್ ಸ್ವಯಂಸೇವಕ ದಳದ ಶಾಖೆಯನ್ನು ಸ್ಲೇನ್ ಗ್ರಾಮದಲ್ಲಿ ಸ್ಥಾಪಿಸಿದವರಲ್ಲಿ ಫ್ರಾನ್ಸಿಸ್, ಜೋಸೆಫ್ ಸಹೋದರರು ಮುಖ್ಯರು. ಸ್ವದೇಶಕ್ಕೆ ಸ್ವಯಮಾಡಳಿತವು ದೊರೆಯಬೇಕೆಂಬುದೇ ಅವರ ಸಂಕಲ್ಪ. ಅಷ್ಟರಲ್ಲಿ ಮಹಾಯುದ್ಧವು ಆರಂಭವಾಯಿತು. ಐರಿಷ್ ಜನರು ಆಂಗ್ಲೇಯರ ಪಕ್ಷದಲ್ಲಿ ಕಾದಬೇಕೆಂದು ನಾಯಕನಾದ ಜಾನ್ ರೆಡ್‌ಮಂಡನು ಕರೆಯಿತ್ತನು, ದಳವು ಇಬ್ಭಾಗವಾಯಿತು. ಲೆಡ್ವಿಜನು ಮೊದಲು ಈ ಕರೆಯನ್ನು ವಿರೋಧಿಸಿದವನು. ನ್ಯಾವನ್ ಪಟ್ಟಣದ ಸಭೆಯಲ್ಲಿ ಅವನನ್ನು ಜರ್ಮನರ ಪಕ್ಷಪಾತಿಯೆಂದು ಹಂಗಿಸಿದರು. ಕೆಲವೇ ದಿನಗಳಲ್ಲಿ, 1914ನೆಯ ಅಕ್ಟೋಬರ್ 24ರಂದು, ಅದೇ ಮನುಷ್ಯನು ಇನ್ನಿಸ್ಕಿಲಿಂಗ್ ಫ್ಯೂಸಿಲಿಯರ್ಸ್ ಪಲ್ಟನ್ನಿನಲ್ಲಿ ಹೆಸರನ್ನು ಬರೆಯಿಸಿದನು. ನಾಗರಿಕತೆಗೇ ಶತ್ರುವಾದವನನ್ನು ಆಂಗ್ಲೇಯರು ತಡೆದು ನಿಂತಿರುವಾಗ, ಐರ್ಲೆಂಡಿನ ಜನರು ಮನೆಯಲ್ಲಿ ನಿರ್ಣಯಗಳನ್ನು ಮಾಡುತ್ತ ಕುಳಿತಿರಲಾಗದೆಂದು ಅವನು ಮುಂದೆ ಕಾರಣವನ್ನು ಕೊಟ್ಟನು. ಪ್ರಭುವು ಜೀವನಕ್ಕೆ ಧನಸಹಾಯವನ್ನು ಮಾಡುವೆನೆಂದು ಹೇಳಿ ತಡೆದರೂ ಕೇಳಲಿಲ್ಲ. ಭಗ್ನವಾದ ಪ್ರೇಮವೇ ಕಾರಣವೆನ್ನುವವರೂ ಇದ್ದಾರೆ. ಮನುಷ್ಯನು ಒಂದೇ ಕಾರಣದಿಂದ ಇಂಥ ಕಾರ್ಯಕ್ಕೆ ಇಳಿಯುವುದು ವಿರಳ.

ಭೀಷ್ಮದ್ರೋಣರು ಮನಸ್ಸನ್ನು ಒಂದು ಕಡೆ ಇಟ್ಟು ಬಿಲ್ಲನ್ನು ಇನ್ನೊಂದು ಕಡೆ ಹಿಡಿದುದು ವಾಚಕರಿಗೆ ವಿದಿತವೇ ಇದೆ. ಆದರೆ ಅವರು ಅನ್ನದ ಋಣಕ್ಕೆ ಸಿಕ್ಕಿದವರು. ಇವನಿಗೆ ಅಂಥ ಋಣವಿರಲಿಲ್ಲ, ತಾನಾಗಿ ಹೋದವನು.

1915ರ ಆಗಸ್ಟಿನಲ್ಲಿ ಗ್ಯಾಲಿಪೊಲಿಯ ಸೂವ್ಲಾ ಕೊಲ್ಲಿಯಲ್ಲಿ ಅವನ ಪಲ್ಟನ್ನು ಇಳಿಯಿತು. ಅಲ್ಲಿಂದ ಸರ್ಬಿಯಾ ದೇಶದ ಚಳಿ. ಸಲೋನಿಕಾ ಪಟ್ಟಣಕ್ಕೆ ಹಿನ್ನಡೆ. ದೇಹವು ಜರ್ಝರಿತವಾಗಿ ಈಜಿಪ್ಟಿನ ಆಸ್ಪತ್ರೆಗೆ, ಅಲ್ಲಿಂದ ಇಂಗ್ಲೆಂಡಿಗೆ ಬಂದನು. ಅವನ ಪ್ರಥಮ ಕವನಸಂಗ್ರಹವು ಪ್ರಕಟವಾದುದು ಈ ಅವಧಿಯಲ್ಲಿಯೇ.

1916ರ ಈಸ್ಟರ್ ಹಬ್ಬದ ವಾರದಲ್ಲಿ ಡಬ್ಲಿನ್ ನಗರದಲ್ಲಿ ಐರಿಷ್ ದೇಶಭಕ್ತರು ದಂಗೆಯೆದ್ದರು. ಮೇ 3ರಂದು ಥಾಮಸ್ ಮ್ಯಾಕ್‌ಡೋನನನ್ನು ಗುಂಡಿಕ್ಕಿ ಕೊಂದರು. ಮ್ಯಾಕ್‌ಡೋನನು ಕವಿ, ಅಧ್ಯಾಪಕ, ಲೆಡ್ವಿಜನ ಪರಿಚಿತ. ಕೊಂದವರ ಸಮವಸ್ತ್ರವೂ ಲೆಡ್ವಿಜನು ತೊಟ್ಟಿದ್ದ ಸಮವಸ್ತ್ರವೂ ಒಂದೇ ರಾಜನದು. ಆ ಸ್ನೇಹಿತನನ್ನು ಕುರಿತು ಅವನು ಬರೆದ ಶೋಕಗೀತವೇ ಅವನ ಕೃತಿಗಳಲ್ಲೆಲ್ಲ ಪ್ರಸಿದ್ಧವಾದುದು. ಯೋಗ್ಯತೆಯಲ್ಲಿಯೂ ಅದಕ್ಕೇ ಅಗ್ರಸ್ಥಾನ. ರಜೆಯ ಅವಧಿಯನ್ನು ಮೀರಿ ಹಿಂದಿರುಗಿದ ತಪ್ಪಿಗಾಗಿ ಸೈನಿಕ ನ್ಯಾಯಸ್ಥಾನವು ಅವನ ಲ್ಯಾನ್ಸ್ ಕಾರ್ಪೊರಲ್ ಪದವಿಯನ್ನು ಕಿತ್ತುಕೊಂಡಿತು. ಮುಂದೆ ಅದು ಮರಳಿ ದೊರೆಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಅವನನ್ನು ಪಶ್ಚಿಮ ರಣರಂಗಕ್ಕೆ ಕಳುಹಿಸಿದರು. 1917ನೆಯ ಜುಲೈ 31ರಂದು ಬೆಲ್ಜಿಯಂ ದೇಶದ ಈಪರ್ ಪಟ್ಟಣದ ಮೂರನೆಯ ಕದನವು ಪ್ರಾರಂಭವಾಯಿತು. ಆ ದಿನ ಜಡಿಮಳೆ. ಬೂಸಿಂಗ ಗ್ರಾಮದ ಬಳಿಯಲ್ಲಿ, ಫಿರಂಗಿಗಳು ಸಾಗಲೆಂದು ಕೆಸರಿನ ಮೇಲೆ ಹಲಗೆಗಳನ್ನು ಹಾಸಿ ದಾರಿಮಾಡುವ ಕೆಲಸ ಅವನ ತಂಡಕ್ಕೆ ಬಂದಿತ್ತು. ಹುಟ್ಟೂರಿನಲ್ಲಿ ಅವನು ಮಾಡುತ್ತಿದ್ದುದೂ ದಾರಿಯ ಕೆಲಸವೇ. ನಡುವೆ ಚಹಾ ಕುಡಿಯುತ್ತಿರುವಾಗ ಶತ್ರುಗಳ ಒಂದು ಗುಂಡು ಪಕ್ಕದಲ್ಲಿಯೇ ಸಿಡಿದು ಅವನೂ ಸಂಗಡಿಗರೂ ಹತರಾದರು. ಮೂವತ್ತು ತುಂಬಲು ಇನ್ನು 19 ದಿನಗಳಿದ್ದುವು.

ತಾಯಿಯು ಈ ಪುತ್ರಶೋಕವನ್ನೂ ಕಂಡಳು. ಕವಿಯ ಕಡೆಯ ಸಂಗ್ರಹವನ್ನು 1918ರಲ್ಲಿ ಡನ್‌ಸೇನಿ ಹೊರತಂದನು. ಹೊಸ ಐರ್ಲೆಂಡಿನಲ್ಲಿ ಆಂಗ್ಲ ಸೇನೆಯಲ್ಲಿ ಸತ್ತವರನ್ನು ಹೆಸರಿಸಲು ಜನರು ಬಹುಕಾಲ ಹಿಂಜರಿದರು. ಅಣ್ಣನ ಬಾಳಿನ ಸಂಗತಿಗಳನ್ನು ಜೋಸೆಫನು ಜತನದಿಂದ ನೆನಪಿನಲ್ಲಿ ಇಟ್ಟುಕೊಂಡಿದ್ದನು. ಆಲಿಸ್ ಕರ್ಟೇನ್ ಎಂಬ ಲೇಖಕಿಯು 1972ರಲ್ಲಿ ಕವಿಯ ಜೀವನಚರಿತ್ರೆಯನ್ನು ಪ್ರಕಟಿಸಿದಳು. 1982ರಲ್ಲಿ ಆ ಕೂಲಿಗಾರರ ಮನೆಯು ಸ್ಮಾರಕಾಲಯವಾಯಿತು. ಕವಿಯ ಸಮಾಧಿಯು ಬೂಸಿಂಗದ ಆರ್ಟಿಲರಿ ವುಡ್ ಶ್ಮಶಾನದಲ್ಲಿದೆ. ಅದೇ ದಿನ ಮಡಿದ ವೇಲ್ಸ್ ದೇಶದ ಕವಿ ಹೆಡ್ ವಿನ್ ಎಂಬವನ ಸಮಾಧಿಯೂ ಅಲ್ಲಿಯೇ ಇದೆ. ಲೆಡ್ವಿಜನು ಬಿದ್ದ ಸ್ಥಳದಲ್ಲಿ 1998ರಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದರು.