ರಾಗಿಯ ತವರಲ್ಲಿ ಒಂದು ಊಟ, ಒಂದು ಕೆಟ್ಟ ಜೋಕು

ಇವತ್ತಿನ ಕಥೆ ಶುರುವಾಗೋದು ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ, ಊಟದ ಟೇಬಲ್ ಮುಂದೆ ನಾನೇ ಮಾಡಿದ ಒಂದು ತಪ್ಪಿನಿಂದ.

ನನ್ನ ಗೆಳೆಯನ ಚಿಕ್ಕಪ್ಪ ಅಲ್ಲಿ ಕಾಲೇಜು ಮೇಷ್ಟ್ರು. ಅವರನ್ನ ನೋಡೋಕೆ ನಾವು ಮೂವರು ಹೋಗಿದ್ವಿ. ಒಂದು ಬುಧವಾರ ಅವರ ಜೊತೆ ಪಾಠ ಮಾಡೋ ಅಲ್ಲಿಯವರೇ ಆದ ಮೇಡಂ ಒಬ್ಬರು ನಮ್ಮನ್ನ ಊಟಕ್ಕೆ ಕರ್ಕೊಂಡು ಹೋದ್ರು. ಬುಧವಾರ, ಶುಕ್ರವಾರ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸದ ದಿನ. ಮಾಂಸ, ಮೊಟ್ಟೆ, ಹಾಲು ಮುಟ್ಟಲ್ಲ. ನಮ್ಮ ಗುಂಪಿನ ಸಸ್ಯಾಹಾರಿಗೆ ಖುಷಿಯೋ ಖುಷಿ.

ಊಟ ಬರೋದು ತಡ ಆಯ್ತು. ನಾನು ಕನ್ನಡದಲ್ಲಿ ಅಂದೆ, "ಇಥಿಯೋಪಿಯಾ ಅಲ್ವಾ, ಊಟ ಇದ್ರೆ ತಾನೇ ತರೋದು!" ಗೆಳೆಯರು ನಕ್ಕರು. ಚಿಕ್ಕಪ್ಪ ನಗಲಿಲ್ಲ. ಮೇಡಂ ನಗುನಗುತ್ತಾ ಇಂಗ್ಲಿಷಲ್ಲಿ ಕೇಳಿದ್ರು, "ಏನಂದ್ರಿ? ನನಗೂ ಹೇಳಿ." ಅನುವಾದ ಮಾಡೋಕೆ ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಊಟ ಬಂತು. ಎಲ್ಲರಿಗೂ ಸೇರಿ ಒಂದೇ ದೊಡ್ಡ ತಟ್ಟೆ. ಅದರ ತುಂಬ ಹಾಸಿದ್ದು ಇಂಜೆರಾ. ಟೆಫ್ ಅನ್ನೋ, ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನ ಕೆಲವು ದಿನ ಹುಳಿ ಬರಿಸಿ, ಒಂದೇ ಮಗ್ಗುಲು ಬೇಯಿಸೋ ರೊಟ್ಟಿ. ನೋಡೋಕೆ ಸೆಟ್ ದೋಸೆ ತರ ತೂತು ತೂತು. ಮೇಲೆ ಮಸೂರ್ ಬೇಳೆಯ ಖಾರದ ಮಿಸಿರ್ ವತ್, ಕಡಲೆ ಹಿಟ್ಟಿನ ಶಿರೊ, ಸೊಪ್ಪು. ಮೊದಲ ತುತ್ತು ಸಿಕ್ಕಾಪಟ್ಟೆ ಹುಳಿ ಅನ್ನಿಸ್ತು. ಮೂರನೇ ತುತ್ತಿಗೆ, ಆ ಖಾರಕ್ಕೆ ಈ ಹುಳಿಯೇ ಜೋಡಿ ಅಂತ ಗೊತ್ತಾಯ್ತು.

"ಇದು ಬರೀ ಟೆಫ್ಫಾ?" ಅಂತ ಕೇಳಿದೆ. "ಕೆಲವು ಕಡೆ ದಾಗುಸಾನೂ ಬೆರೆಸ್ತಾರೆ" ಅಂದ್ರು ಮೇಡಂ. ಚಿಕ್ಕಪ್ಪ ನನ್ನ ಕಡೆ ತಿರುಗಿ, "ದಾಗುಸಾ ಅಂದ್ರೆ ಏನು ಗೊತ್ತೇನಪ್ಪಾ? ರಾಗಿ" ಅಂದ್ರು.

ನಾನು ಮುದ್ದೆ ತಿಂದು ಬೆಳೆದವನು. ರಾಗಿ ಹುಟ್ಟಿದ್ದೇ ನಮ್ಮಲ್ಲಿ ಅಂದ್ಕೊಂಡಿದ್ದೆ. ಸಸ್ಯವಿಜ್ಞಾನಿಗಳ ಪ್ರಕಾರ, ಕಾಡುಹುಲ್ಲಾಗಿದ್ದ ರಾಗಿಯನ್ನ ಬೆಳೆಯಾಗಿ ಪಳಗಿಸಿದ್ದು ಇಥಿಯೋಪಿಯಾ, ಉಗಾಂಡ ಕಡೆಯ ಎತ್ತರದ ನಾಡಿನ ರೈತರು. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಹೊಲಕ್ಕೆ ಬಂತು. ಊಟ ಇಲ್ಲದ ದೇಶ ಅಂತ ನಾನು ನಕ್ಕ ನೆಲವೇ ನನ್ನ ಮುದ್ದೆಯ ತವರು.

ಹಾಗಾದ್ರೆ ಆ ಜೋಕು ನನ್ನ ಬಾಯಿಗೆ ಬಂದಿದ್ದೆಲ್ಲಿಂದ? ನಾನು ಹುಟ್ಟೋಕೂ ಮುಂಚಿನ ಟಿವಿ ಚಿತ್ರಗಳಿಂದ. 1983–85ರ ಕ್ಷಾಮ. ಮಳೆ ಕೈಕೊಟ್ಟಿದ್ದು ನಿಜ. ಜೊತೆಗೆ ಉತ್ತರದಲ್ಲಿ ಅಂತರ್ಯುದ್ಧ ನಡೀತಿತ್ತು. ಜನ ಹಸಿವಿಂದ ಸಾಯ್ತಿದ್ದಾಗ, ಮೆಂಗಿಸ್ತು ಹೈಲೆ ಮರಿಯಂನ ಮಿಲಿಟರಿ ಸರ್ಕಾರ 1984ರ ಸೆಪ್ಟೆಂಬರಲ್ಲಿ ಇದೇ ಅಡಿಸ್ ಅಬಾಬಾದಲ್ಲಿ ಕ್ರಾಂತಿಗೆ ಹತ್ತು ವರ್ಷ ತುಂಬಿದ ಅದ್ದೂರಿ ಉತ್ಸವ ಮಾಡ್ತು. ಲಕ್ಷಾಂತರ ಜನ ಸತ್ತರು. ಅಕ್ಟೋಬರಲ್ಲಿ ಬಿಬಿಸಿ ತೋರಿಸಿದ ದೃಶ್ಯಗಳೇ ಪ್ರಪಂಚದ ಪಾಲಿಗೆ ಇಥಿಯೋಪಿಯಾ ಆಗಿ ಉಳಿದುಬಿಟ್ಟವು.

ನಾನು ಬಿಕಾಂ ಓದಿದವನು, ಲೆಕ್ಕ ನೋಡದೆ ಬಿಡಲ್ಲ. ವಾಪಸ್ ಬಂದು ನಮ್ಮದೇ ಲೆಕ್ಕ ತೆಗೆದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ನಡುವೆ ಬಂದಿದ್ದು ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ, 1876–78. ಆಗ ಇಲ್ಲಿ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಆ ಅಂಕಿ ಇಟ್ಕೊಂಡು ಇವತ್ತು ಯಾರಾದ್ರೂ ನಮ್ಮ ಊಟದ ಮುಂದೆ ಜೋಕ್ ಹೊಡೆದ್ರೆ ನಮಗೆ ಹೇಗನ್ನಿಸುತ್ತೆ?

ಆವತ್ತು ಊಟ ಮುಗಿಯೋ ಹೊತ್ತಿಗೆ ಮೇಡಂ ಇಂಜೆರಾ ಚೂರಲ್ಲಿ ಬೇಳೆ ಸುತ್ತಿ, ನನ್ನ ಬಾಯಿಗೆ ಇಟ್ಟರು. ಅದಕ್ಕೆ ಗುರ್ಶಾ ಅಂತಾರೆ. ಪ್ರೀತಿಯಿಂದ ಕೊಡೋ ಕೈತುತ್ತು. ನಾನು ಏನಂದಿದ್ದೆ ಅಂತ ಅವರಿಗೆ ಇವತ್ತಿಗೂ ಹೇಳಿಲ್ಲ. ಅದಕ್ಕೇ ನಿಮಗೆ ಹೇಳ್ತಿದ್ದೀನಿ.

ನಿಮ್ಮ ಮನೆಯ ಅಜ್ಜ, ಅಜ್ಜಿ ಬರಗಾಲದ ಮಾತು ಹೇಳಿದ್ರೆ ನನಗೊಂದು ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ.