ಜೇನುಪೆಟ್ಟಿಗೆ ಕಲಿಸುವ ಪಾಠ

ಜೇನು ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಎರಡೇ: ಬಾಟಲಿಯ ಸಿಹಿ, ನೊಣದ ಕಡಿತ. ಇವೆರಡರ ನಡುವೆ ಒಂದು ಚರಿತ್ರೆಯಿದೆ. ಗೂಡನ್ನು ಹಾಳುಮಾಡದೆ ಅದರಿಂದ ಪಡೆಯುವುದನ್ನು ಮನುಷ್ಯ ಕಲಿತ ಚರಿತ್ರೆ ಅದು.

ಜೇನು ಸಾಕಣೆ ಬಹಳ ಹಳೆಯದು. ಸುಮಾರು 4,400 ವರ್ಷಗಳ ಹಿಂದಿನ ಈಜಿಪ್ಟಿನ ಕೆತ್ತನೆಯಲ್ಲೇ ಅದರ ದೃಶ್ಯವಿದೆ. ಆದರೆ ತುಪ್ಪ ಬೇಕೆಂದರೆ ಎರಿಯನ್ನೇ ಕತ್ತರಿಸಬೇಕಿತ್ತು. ಯುರೋಪಿನಲ್ಲಿ ಗಂಧಕದ ಹೊಗೆ ಹಾಕಿ ಇಡೀ ಜೇನು ಕುಟುಂಬವನ್ನೇ ಕೊಲ್ಲುವುದೂ ಇತ್ತು. ನಮ್ಮ ಕಾಡುಗಳಲ್ಲೂ ಎರಿ ಹಿಂಡುವಾಗ ಮರಿಹುಳುಗಳು ನಾಶವಾಗುತ್ತಿದ್ದವು.

ಈ ದಾರಿಯನ್ನು ಬದಲಿಸಿದವರಲ್ಲಿ ಜಿನೀವಾದ ಫ್ರಾಂಸ್ವಾ ಹೂಬರ್ ಪ್ರಮುಖರು. ಅವರು ಅಂಧರು. ಸಹಾಯಕ ಬರ್ನೆನ್ಸ್ ನೋಡಿ ಹೇಳಿದ್ದನ್ನು ಕೇಳಿ, ಮತ್ತೆ ಮತ್ತೆ ಪ್ರಶ್ನಿಸಿ, 1792ರಲ್ಲಿ ಜೇನ್ನೊಣಗಳ ಬಗ್ಗೆ ಗ್ರಂಥ ಪ್ರಕಟಿಸಿದರು. ಅವರು ರೂಪಿಸಿದ ಗೂಡು ಪುಸ್ತಕದ ಹಾಳೆಗಳಂತೆ ತೆರೆದುಕೊಳ್ಳುತ್ತಿತ್ತು. 1851ರಲ್ಲಿ ಅಮೆರಿಕದ ಪಾದ್ರಿ ಲಾಂಗ್‌ಸ್ಟ್ರಾತ್ ಇನ್ನೊಂದು ಸೂಕ್ಷ್ಮವನ್ನು ಬಳಕೆಗೆ ತಂದರು. ಚೌಕಟ್ಟುಗಳ ಸುತ್ತ ಸುಮಾರು 8 ಮಿಲಿಮೀಟರ್ ಜಾಗ ಬಿಟ್ಟರೆ ನೊಣಗಳು ಅದನ್ನು ಮೇಣದಿಂದ ಮುಚ್ಚುವುದಿಲ್ಲ, ಓಡಾಟಕ್ಕೆ ಬಿಟ್ಟುಕೊಳ್ಳುತ್ತವೆ. ಚೌಕಟ್ಟನ್ನು ಹೊರತೆಗೆದು ಮತ್ತೆ ಇಡಲು ಸಾಧ್ಯವಾದದ್ದು ಇದರಿಂದ. 1865ರಲ್ಲಿ ಹ್ರುಷ್ಕಾ ಎಂಬವರು ಎರಿಯನ್ನು ತಿರುಗಿಸಿ ತುಪ್ಪ ತೆಗೆಯುವ ಯಂತ್ರ ಮಾಡಿದರು. ಖಾಲಿಯಾದ ಎರಿ ಮರಳಿ ನೊಣಗಳ ಪಾಲಾಯಿತು.

ದಕ್ಷಿಣ ಭಾರತದಲ್ಲಿ 1911ರಿಂದ 1917ರವರೆಗೆ ಫಾದರ್ ನ್ಯೂಟನ್ ಹಳ್ಳಿಗರಿಗೆ ಈ ಕಸುಬು ಕಲಿಸಿದರು. ನಮ್ಮ ತುಡುವೆ ಜೇನಿಗೆ ಒಪ್ಪುವ ಚಿಕ್ಕ ಪೆಟ್ಟಿಗೆಗೆ ಇಂದಿಗೂ ಅವರ ಹೆಸರೇ ಇದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣದ ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿಹಾಕಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ಎಷ್ಟೋ ಹಿತ್ತಲುಗಳಲ್ಲಿ ಪೆಟ್ಟಿಗೆಗಳು ಬರಿದಾದವು.

ಆಗ ನಷ್ಟವಾದದ್ದು ತುಪ್ಪ ಮಾತ್ರವಲ್ಲ. ಮಲೆನಾಡಿನ ಏಲಕ್ಕಿ ಕಾಯಿ ಕಟ್ಟಬೇಕಾದರೆ ನೊಣ ಹೂವಿನಿಂದ ಹೂವಿಗೆ ಪರಾಗ ಒಯ್ಯಬೇಕು. ನೊಣ ತನ್ನ ಹೊಟ್ಟೆಪಾಡಿಗಾಗಿ ಹೂವಿಗೆ ಹೋಗುತ್ತದೆ. ನಮ್ಮ ತೋಟ ಫಲ ಕೊಡುವುದು ಆ ಓಡಾಟದಿಂದಲೇ.

ಮಗುವನ್ನು ಒಮ್ಮೆ ಜೇನು ಸಾಕುವವರ ಬಳಿಗೆ ಕರೆದೊಯ್ಯೋಣ. ನೊಣಗಳ ಹಾರುದಾರಿಗೆ ಅಡ್ಡವಾಗದೆ, ಪೆಟ್ಟಿಗೆಯ ಪಕ್ಕದಲ್ಲಿ ಸದ್ದಿಲ್ಲದೆ ನಿಲ್ಲಿಸೋಣ. ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆ ಹೊತ್ತು ಬರುವ ನೊಣಗಳನ್ನು ಅದೇ ಎಣಿಸಲಿ. ಮಳೆಗಾಲಕ್ಕೆಂದು ಸಾಕುವವರು ಗೂಡಿನಲ್ಲೇ ಉಳಿಸುವ ತುಪ್ಪವನ್ನೂ ತೋರಿಸೋಣ. ಎಲ್ಲವನ್ನೂ ತೆಗೆಯಬಾರದು, ಅವುಗಳ ಪಾಲು ಅವುಗಳಿಗೆ ಎಂಬುದು ಅದಕ್ಕೆ ಅಲ್ಲೇ ಅರ್ಥವಾಗುತ್ತದೆ.